ದೂರು ವಾಪಸ್ ಕೇಳಲು ಬಂದವರು

ನಮ್ಮ ಸಲ್ತ್ ಊರಿನಲ್ಲಿ ಯಾರಾದರೂ ಯಾರನ್ನಾದರೂ ಗುದ್ದಿದರೆ, ಯಾರ ಕಾರಾದರೂ ಇನ್ಯಾರದೋ ಗೋಡೆಯನ್ನು ಕೆಡವಿದರೆ, ಪೊಲೀಸರು ಬರುವುದಕ್ಕೆ ಮುಂಚೆ ಕೋಟು ತೊಟ್ಟ ಹಿರಿಯರು ಬರುತ್ತಾರೆ. ಇದಕ್ಕೆ ಜಾಹಾ ಎಂದು ಹೆಸರು. ತಪ್ಪು ಮಾಡಿದವರ ಪರವಾಗಿ ಗಣ್ಯರು ನೊಂದವರ ಮನೆಗೆ ಹೋಗಿ ಕೂರಬೇಕು. ಮನೆಯವರು ಕಾಫಿ ಕೊಡಬೇಕು. ಬಂದವರಲ್ಲಿ ಹಿರಿಯರಾದವರು ಆ ಬಟ್ಟಲನ್ನು ಮುಟ್ಟದೆ ಮುಂದಿಟ್ಟುಕೊಂಡು ತಮ್ಮ ಕೋರಿಕೆ ಹೇಳಬೇಕು. ಮನೆಯ ಯಜಮಾನ “ನಿಮ್ಮ ಕಾಫಿ ಕುಡೀರಿ” ಎಂದರೆ ಕೇಳಿದ್ದು ಸಿಕ್ಕಿತೆಂದು ಲೆಕ್ಕ. ಕುಡಿಯದೆ ಎದ್ದುಹೋದರೆ ಎರಡೂ ಮನೆತನಕ್ಕೆ ಅವಮಾನ, ಮೊಮ್ಮಕ್ಕಳ ಕಾಲದವರೆಗೂ ಮಾತು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಮಾಡುವ ಜನ ಬೇರೆ ಇರಲಾರರು.

ನನ್ನನ್ನು ಇಂಥವಕ್ಕೆ ಕರೆಯುವುದು ಬುದ್ಧಿವಂತಿಕೆಗಾಗಿ ಅಲ್ಲ. ನನ್ನ ಬಳಿ ಒಳ್ಳೆಯ ಬೂದು ಕೋಟಿದೆ, ಎರಡು ಗಂಟೆ ಬಾಯಿ ಬಿಡದೆ ಕೂರುವ ಅಭ್ಯಾಸವಿದೆ. ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಇದು ಸಹಜವಾಗಿಯೇ ಬರುತ್ತದೆ. ಈಗ ಗುಡ್ಡದ ಮೇಲಿನ ಹುಡುಗಿಯರ ಸರ್ಕಾರಿ ಪ್ರೌಢಶಾಲೆಯ ಗೇಟಿನೆದುರು ಪೆನ್ನು, ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಲುಜೈನಳ ಜಗಳ ಶುರುವಾದದ್ದು ನನ್ನ ಕಣ್ಣೆದುರಿಗೇ.

ಲುಜೈನ್ ಹದಿನಾರರ ಹುಡುಗಿ. ಚಿಕ್ಕಂದಿನಲ್ಲೇ ಕಾಲಿನ ಸ್ನಾಯುಗಳು ಸೋತು ಗಾಲಿಕುರ್ಚಿಯಲ್ಲಿ ಬೆಳೆದವಳು. ಅಪ್ಪ ಫವ್ವಾಝ್ ರಾಜಧಾನಿ ಅಮ್ಮಾನಿಗೆ ಹೋಗುವ ರಸ್ತೆಯಲ್ಲಿ ಮಿನಿಬಸ್ ಓಡಿಸುತ್ತಾನೆ. ಅಮ್ಮ ಇಂತಿಸಾರ್ ಆರೋಗ್ಯ ಕೇಂದ್ರದಲ್ಲಿ ನರ್ಸು. ಹತ್ತನೆಯ ತರಗತಿಯವರೆಗೆ ತೊಂದರೆ ಇರಲಿಲ್ಲ, ತರಗತಿಗಳೆಲ್ಲ ನೆಲಮಹಡಿಯಲ್ಲಿದ್ದವು. ಹನ್ನೊಂದಕ್ಕೆ ಬಂದಾಗ ದಾರಿ ಎರಡಾಗುತ್ತದೆ: ಸಾಹಿತ್ಯ ವಿಭಾಗ ಕೆಳಗೆ, ವಿಜ್ಞಾನ ವಿಭಾಗ ಮೇಲೆ. ಭೌತಶಾಸ್ತ್ರದಲ್ಲಿ ಶಾಲೆಗೇ ಮೊದಲಿಗಳಾಗಿದ್ದ ಲುಜೈನ್ ವಿಜ್ಞಾನ ಎಂದು ಬರೆದುಕೊಟ್ಟಿದ್ದಳು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ದಿನ ನೋಡಿದರೆ ಅವಳ ಹೆಸರು ಸಾಹಿತ್ಯದಲ್ಲಿತ್ತು.

ಮುಖ್ಯೋಪಾಧ್ಯಾಯಿನಿ ಸಿತ್ ಸಿಹಾಮ್, ಅಂದರೆ ಸಿಹಾಮ್ ಮೇಡಂ, ಕಾರು ನಿಲ್ಲಿಸುವುದು ನನ್ನ ಅಂಗಡಿಯ ಮುಂದೆ. ಅಮ್ಮ, ಮಗಳು ಅಲ್ಲೇ ಅವರನ್ನು ಹಿಡಿದರು.

“ಸಿತ್, ನನ್ನ ಹೆಸರು ತಪ್ಪಾಗಿ ಸಾಹಿತ್ಯಕ್ಕೆ ಹೋಗಿದೆ,” ಎಂದಳು ಲುಜೈನ್.

“ತಪ್ಪಲ್ಲ ಬಂಗಾರ, ನಾನೇ ಹಾಕಿದ್ದು. ನಿನ್ನ ಒಳ್ಳೇದಕ್ಕೇ.”

“ನಾನು ಬರೆದಿದ್ದು ವಿಜ್ಞಾನ.”

“ವಿಜ್ಞಾನ ಮೇಲಿದೆ ಕಣಮ್ಮ, ನೀನು ಕೆಳಗಿದ್ದೀಯ. ದೇವರು ಕೊಟ್ಟಿದ್ದಕ್ಕೆ ನಾನೇನು ಮಾಡ್ಲಿ?”

“ಮೆಟ್ಟಿಲು ದೇವರು ಕೊಟ್ಟಿದ್ದಲ್ಲ ಸಿತ್. ಗುತ್ತಿಗೆದಾರ ಕಟ್ಟಿದ್ದು.”

ಸಿತ್ ಸಿಹಾಮ್ ನನ್ನ ಕಡೆ ನೋಡಿದರು, ನಾನು ಸಾಕ್ಷಿ ಹೇಳಬೇಕೆಂಬಂತೆ. ನಾನು ಪೆನ್ಸಿಲುಗಳನ್ನು ಜೋಡಿಸುವುದರಲ್ಲಿ ಮುಳುಗಿದೆ.

“ಹಾಗಾದ್ರೆ ಆ ಒಂದು ತರಗತೀನ ಕೆಳಗೆ ತನ್ನಿ,” ಎಂದಳು ಇಂತಿಸಾರ್.

“ಕೋಣೆ ಎಲ್ಲಿದೆ ಉಮ್ಮ್ ಸಖರ್? ನನ್ನ ತಲೆ ಮೇಲೆ ಕೂರಿಸ್ಲಾ?” ಎಂದರು ಸಿತ್ ಸಿಹಾಮ್, ನಮ್ಮ ರೂಢಿಯಂತೆ ಇಂತಿಸಾರಳನ್ನು ಮಗನ ಹೆಸರು ಹಿಡಿದು ಸಖರನ ಅಮ್ಮ ಎಂದು ಕರೆದು.

“ಅತಿಥಿ ಕೋಣೆ ಇದೆಯಲ್ಲ. ನಾಲ್ಕು ಕಿಟಕಿ, ಒಳ್ಳೆ ಗಾಳಿ. ವರ್ಷಕ್ಕೆ ಎಷ್ಟು ಜನ ಕೂರ್ತಾರೆ ಅಲ್ಲಿ?”

ಮೂತ್ರಪಿಂಡ ಕೇಳಿದ್ದರೂ ಸಿತ್ ಸಿಹಾಮ್ ಇಷ್ಟು ಬೆಚ್ಚುತ್ತಿರಲಿಲ್ಲ. ಆ ಕೋಣೆಯಲ್ಲಿ ಶಾಲೆ ಗೆದ್ದ ಫಲಕಗಳಿವೆ, ಅವರ ತಮ್ಮ ನಾಯಿಫ್ ತನ್ನ ಪೀಠೋಪಕರಣದ ಅಂಗಡಿಯಿಂದ ದಾನ ಕೊಟ್ಟ ಮೆರೂನ್ ಬಣ್ಣದ ಸೋಫಾ ಇದೆ. ಪ್ರಯೋಗಾಲಯವಿಲ್ಲದ ಶಾಲೆ ನಮ್ಮಲ್ಲಿ ಇರಬಹುದು. ಬಂದವರನ್ನು ಕೂರಿಸಿ ಕಾಫಿ ಕೊಡಲು ಜಾಗವಿಲ್ಲದ ಶಾಲೆಯನ್ನು ಯಾರೂ ಕಂಡಿಲ್ಲ.

“ಹುಡುಗೀರು ಎತ್ಕೊಂಡು ಹೋಗ್ತಾರೆ ಅಂತೀರಾ? ಒಂದ್ಸಲ ನೋಡಿದ್ದು ಸಾಕು,” ಎಂದು ಅವರು ಕಾರಿನ ಬಾಗಿಲು ಹಾಕಿದರು.

ಅದು ನಿಜ. ಹಿಂದಿನ ವಸಂತದಲ್ಲಿ ವಿಜ್ಞಾನ ಪ್ರದರ್ಶನಕ್ಕೆಂದು ಗೆಳತಿಯರು ಲುಜೈನಳನ್ನು ಕುರ್ಚಿಸಮೇತ ಎತ್ತಿಕೊಂಡು ಹೋಗಿ, ಒಬ್ಬಳ ಕಾಲು ಜಾರಿ, ಲುಜೈನಳ ಹಣೆಗೆ ಹೊಲಿಗೆ ಬಿದ್ದಿತ್ತು. ಆಸ್ಪತ್ರೆಯವರೆಗೂ ಅವಳ ತಲೆಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಹೋದದ್ದು ಸಿತ್ ಸಿಹಾಮ್. ತಾಯಿಗಿಂತ ಹೆಚ್ಚು ಅತ್ತವರೂ ಅವರೇ. ಆ ಹೆಂಗಸಿನಲ್ಲಿ ಕೆಡುಕಿಲ್ಲ. ಮುಂದಿನ ವರ್ಷ ನಿವೃತ್ತಿ, ಅಲ್ಲಿಯವರೆಗೆ ಯಾರೂ ಬೀಳಬಾರದು ಎನ್ನುವುದೊಂದೇ ಅವರ ಶಿಕ್ಷಣ ನೀತಿ. ಬೀಳದಂತೆ ನೋಡಿಕೊಳ್ಳಲು ಇರುವ ಸುಲಭದ ಉಪಾಯವೆಂದರೆ ಹತ್ತಗೊಡದೇ ಇರುವುದು.

ಅಂಗವೈಕಲ್ಯದ ಕಾರಣಕ್ಕೆ ಯಾವ ವಿದ್ಯಾರ್ಥಿಯನ್ನೂ ಕಲಿಕೆಯಿಂದ ಹೊರಗಿಡುವಂತಿಲ್ಲ ಎಂಬ ಕಾನೂನು ನಮ್ಮ ದೇಶದಲ್ಲಿದೆ. ಒಳ್ಳೆಯ ಕಾನೂನು. ಒಳ್ಳೆಯ ಕಾನೂನುಗಳನ್ನು ನಾವು ಮದುವೆಯಲ್ಲಿ ಬಂದ ಪಿಂಗಾಣಿಯ ಹಾಗೆ ಗಾಜಿನ ಬೀರುವಿನಲ್ಲಿ ಇಟ್ಟಿರುತ್ತೇವೆ. ಬಂದವರಿಗೆ ತೋರಿಸುತ್ತೇವೆ, ಅದರಲ್ಲಿ ಊಟ ಮಾಡುವುದಿಲ್ಲ. ಲುಜೈನ್ ಬೀರು ತೆಗೆದಳು. ರಾಜಧಾನಿಯಲ್ಲಿ ಅಂಗವಿಕಲರ ಹಕ್ಕು ನೋಡಿಕೊಳ್ಳುವ ಪರಿಷತ್ತಿಗೆ ತಾನೇ ಕೂತು ದೂರು ಬರೆದಳು. ತನ್ನ ಹೆಸರಿನಲ್ಲೇ ಬರೆದಳು. ಇಂತಿಸಾರ್ ತಾಯಿಯೆಂದು ಕೆಳಗೆ ಸಹಿ ಹಾಕಿದಳು. ಸ್ವಲ್ಪ ದಿನಕ್ಕೆ ಉತ್ತರ ಬಂತು: ಶಾಲೆ ನೋಡಲು ಅಧಿಕಾರಿಗಳು ಬರುತ್ತಾರೆ. ಅದರ ಪ್ರತಿ ಸಿತ್ ಸಿಹಾಮ್ ಅವರಿಗೂ ಹೋಯಿತು. ಅದುವರೆಗೆ ಲುಜೈನ್ ಸಾಹಿತ್ಯ ತರಗತಿಯ ಮುಂದಿನ ಸಾಲಿನಲ್ಲಿ ಕೂತು, ಪದ್ಯದ ಪುಸ್ತಕದೊಳಗೆ ಭೌತಶಾಸ್ತ್ರ ಇಟ್ಟುಕೊಂಡು ಓದುತ್ತಿದ್ದಳು.

ಸಿತ್ ಸಿಹಾಮ್ ಆ ಪತ್ರಕ್ಕೆ ಉತ್ತರ ಬರೆಯಲಿಲ್ಲ. ನಮ್ಮ ಊರಿನಲ್ಲಿ ಯಾರಾದರೂ ಮಾಡುವುದನ್ನೇ ಮಾಡಿದರು: ತಮ್ಮನಿಗೆ ಹೇಳಿದರು. ನಾಯಿಫ್ ಮಾವನಿಗೆ ಹೇಳಿದ. ಮಾವ ತುರಾದ್ ಪಾಷಾ ಅವರಿಗೆ ಹೇಳಿದರು. ಪಾಷಾ ಎಂದರೆ ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೊಲೆ ಪ್ರಕರಣಗಳನ್ನೇ ಕಾಫಿಯಲ್ಲಿ ಕರಗಿಸಿದ ಮನುಷ್ಯ. ಒಂದು ತರಗತಿಯ ಕೋಣೆ ಅವರಿಗೆ ಯಾವ ಲೆಕ್ಕ?

“ಶುಕ್ರವಾರ ಮಧ್ಯಾಹ್ನದ ಮೇಲೆ ನಮಾಜ್ ಮುಗಿಸ್ಕೊಂಡು ಹೋಗಿಬರೋಣ ಉಸ್ತಾದ್. ಕೋಟು ಹಾಕ್ಕೊಂಡು ಬನ್ನಿ,” ಎಂದು ನಾಯಿಫ್ ನನಗೆ ಫೋನ್ ಮಾಡಿದ.

“ಯಾರ ಮೇಲೆ ಹೋಗ್ತಿದೀವಿ ಅಂತ ಗೊತ್ತೇನಪ್ಪ? ಒಬ್ಬ ಹುಡುಗಿ.”

“ಹುಡುಗಿ ಮೇಲೆ ಯಾರು ಹೋಗ್ತಾರೆ? ಅವಳ ಅಜ್ಜನ ಹತ್ರ ಹೋಗ್ತಿದೀವಿ.”

ಎಡವಟ್ಟೆಲ್ಲ ಇದ್ದದ್ದು ಈ ಮಾತಿನಲ್ಲೇ. ಆಗ ಅದು ನನಗೂ ಹೊಳೆಯಲಿಲ್ಲ.

ಅಜ್ಜ ಅಬೂ ಫವ್ವಾಝ್‌ರಿಗೆ ಎಂಬತ್ತರ ಹತ್ತಿರ. ಜೀವಮಾನವಿಡೀ ಬೇರೆಯವರ ಮನೆಗೆ ಜಾಹಾ ಹೋದವರು, ಅದೂ ಹಿಂದಿನ ಸಾಲಿನಲ್ಲಿ. ತಮ್ಮ ಮನೆಗೊಂದು ಜಾಹಾ ಬರಬೇಕು, ಪಾಷಾ ಒಬ್ಬರು ತಮ್ಮ ಮುಂದೆ ಕಾಫಿ ಮುಟ್ಟದೆ ಕೂರಬೇಕು ಎನ್ನುವುದು ಅವರ ಆಸೆ. ಅದಕ್ಕೆ ಬೇಕಾಗಿದ್ದ ಅನ್ಯಾಯ ಮಾತ್ರ ಒದಗಿ ಬಂದಿರಲಿಲ್ಲ. ಈಗ ಒದಗಿತು. ನಾವು ಹೋದಾಗ ಮುದುಕರು ಒಗೆದು ಇಸ್ತ್ರಿ ಮಾಡಿದ ತಲೆವಸ್ತ್ರ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಒಳಗಿನಿಂದ ಬಿಸಿ ಕುನಾಫೆಯ ತುಪ್ಪದ ವಾಸನೆ ಬರುತ್ತಿತ್ತು. ಸಿಹಿ ಹಂಚುವುದು ರಾಜಿಯಾದ ಮೇಲೆ. ಸಿಹಿ ಮೊದಲೇ ಬಂದಿದೆಯೆಂದರೆ ಮುದುಕರು ಏನು ತೀರ್ಮಾನಿಸಿದ್ದಾರೆಂದು ನಮಗೆಲ್ಲ ತಿಳಿಯಿತು. ನಾಯಿಫ್ ನನ್ನ ತೋಳು ಚಿವುಟಿದ.

ಕೂತೆವು. ನಡುಕೋಣೆಯ ಗೋಡೆಗುಂಟ ಇಟ್ಟ ಮೆತ್ತೆಯ ಬೆಂಚುಗಳ ಮೇಲೆ ಹನ್ನೆರಡು ಕೋಟುಗಳು. ಒಳಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು, ಹೆಂಗಸರು ಅಲ್ಲಿದ್ದರು. ಫವ್ವಾಝ್ ತಾನೇ ಹಿತ್ತಾಳೆಯ ಹೂಜಿ ಹಿಡಿದು ಪಾಷಾ ಅವರಿಂದ ಶುರುಮಾಡಿ ಎಲ್ಲರಿಗೂ ಕಾಫಿ ಬಗ್ಗಿಸಿದ. ಪಾಷಾ ಬಟ್ಟಲನ್ನು ಮುಂದಿನ ಮಣೆಯ ಮೇಲಿಟ್ಟರು. ನಾವೂ ಇಟ್ಟೆವು. ಏಲಕ್ಕಿಯ ಹಬೆ ಮೂಗಿಗೆ ಬಡಿಯುತ್ತಿರುವಾಗ ಸುಮ್ಮನಿರುವುದು ಈ ಕೆಲಸದ ಕಷ್ಟದ ಭಾಗ.

ಪಾಷಾ ಎದ್ದು ನಿಂತರು. ದೇವರಿಂದ ಶುರುಮಾಡಿ, ಪ್ರವಾದಿಗೆ ವಂದಿಸಿ, ದೊರೆಗೆ ಆಯುಷ್ಯ ಕೋರಿ, ಎರಡು ಮನೆತನಗಳ ಮುತ್ತಜ್ಜಂದಿರು ಒಂದೇ ಬಾವಿಯಿಂದ ನೀರು ಸೇದಿದ್ದನ್ನು ನೆನೆದು, ಕೊನೆಗೆ ವಿಷಯಕ್ಕೆ ಬಂದರು. “ಅಬೂ ಫವ್ವಾಝ್, ಸಿಹಾಮ್ ನಮ್ಮೆಲ್ಲರ ಮಗಳು. ನಿಮ್ಮ ಮೊಮ್ಮಗಳೂ ನಮ್ಮ ಮಗಳೇ. ಮನೆ ಮಾತು ಅಮ್ಮಾನಿನ ಕಚೇರೀಲಿ ಯಾಕೆ? ದೂರು ವಾಪಸ್ ತಗೊಳ್ಳಿ. ನಿಮ್ಮ ದೊಡ್ಡತನ ನೋಡಿ ಬಂದಿದೀವಿ. ನಿಮ್ಮ ಕಾಫಿ ನಮ್ಮ ಮುಂದಿದೆ,” ಎಂದು ಹೇಳಿ ಕೂತರು.

ಅಜ್ಜನ ಕಣ್ಣಲ್ಲಿ ನೀರು. ಉಸಿರು ತುಂಬಿಕೊಂಡು, ಎದೆಯ ಮೇಲೆ ಕೈಯಿಟ್ಟು, ವರ್ಷಗಟ್ಟಲೆ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದ ಮಾತು ಹೇಳಿದರು: “ನಿಮ್ಮ ಕಾಫಿ ಕುಡೀರಿ ಪಾಷಾ. ಕೇಳಿದ್ದು ಕೊಟ್ಟಾಯ್ತು.”

ಪಾಷಾ ಬಟ್ಟಲೆತ್ತಿದರು. ನಾವೂ ಎತ್ತಿದೆವು.

“ಮಾವಾ,” ಎಂದಿತು ಬಾಗಿಲ ಸಂದಿನಿಂದ ಇಂತಿಸಾರಳ ದನಿ, “ನಿಮ್ಮದಲ್ಲದ್ದನ್ನ ಹೆಂಗೆ ಕೊಡ್ತೀರಿ?”

ಹನ್ನೆರಡು ಬಟ್ಟಲುಗಳು ತುಟಿಯ ಹತ್ತಿರ ನಿಂತವು.

“ಏ ಫವ್ವಾಝ್,” ಎಂದರು ಅಜ್ಜ ಮಗನಿಗೆ, ಹಲ್ಲು ಕಚ್ಚಿ, “ಬಾಗ್ಲು ಹಾಕು. ಗಾಳಿ ಬರ್ತಿದೆ.”

ಫವ್ವಾಝ್ ಹೂಜಿ ಹಿಡಿದು ನಿಂತೇ ಇದ್ದ. ಅಮ್ಮಾನ್ ರಸ್ತೆಯ ತಿರುವುಗಳಲ್ಲಿ ಎದುರು ಬರುವ ಲಾರಿಗೆ ಹೆದರದವನು, ಆ ಬಾಗಿಲ ಕಡೆ ಒಂದು ಹೆಜ್ಜೆ ಇಡಲಿಲ್ಲ. “ಅಪ್ಪಾ, ಅವಳು ಹೇಳಿದ್ರಲ್ಲಿ ತಪ್ಪೇನಿದೆ? ದೂರು ಕೊಟ್ಟಿದ್ದು ಲುಜೈನ್. ಅವಳ ಹೆಸರಲ್ಲೇ ಇದೆ.”

ಪಾಷಾ ಬಟ್ಟಲನ್ನು ಮತ್ತೆ ಮಣೆಯ ಮೇಲಿಟ್ಟರು. ಎತ್ತಿದ ಬಟ್ಟಲನ್ನು ಅವರು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಕೋಪಗೊಳ್ಳಲಿಲ್ಲ. ಸೈನಿಕ ನಕ್ಷೆಯಲ್ಲಿ ಇಲ್ಲದ ನದಿಯೊಂದು ಎದುರಾದಾಗ ನೋಡುವ ಹಾಗೆ ನಾಯಿಫ್‌ನತ್ತ ನೋಡಿದರು. “ಯಾರ ಹೆಸರಲ್ಲಿದೆ ಅಂತ ವಿಚಾರಿಸಲಿಲ್ವೇನೋ?”

“ಹುಡುಗಿ ಪಾಷಾ... ಹದಿನಾರು...” ಎಂದು ನಾಯಿಫ್ ತೊದಲಿದ.

“ಹುಡುಗೀಗೆ ಹೆಸರಿರಲ್ಲ ಅಂದ್ಕೊಂಡ್ಯಾ?”

ಯಾರು ಕ್ಷಮಿಸಬೇಕೋ ಅವರನ್ನು ಬಿಟ್ಟು ಪಕ್ಕದವರನ್ನು ಕೇಳಿ ಕಾಫಿ ಕುಡಿದರೆ ಅದು ಕಳ್ಳ ಕಾಫಿ. ಪಾಷಾಗೆ ಅದು ಚೆನ್ನಾಗಿ ಗೊತ್ತು. ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಮಗಳನ್ನ ಕರೀರಿ.”

ಬಾಗಿಲು ಪೂರ್ತಿ ತೆರೆಯಿತು. ಲುಜೈನ್ ಕುರ್ಚಿಯ ಗಾಲಿಗಳನ್ನು ತಾನೇ ತಿರುಗಿಸುತ್ತ ಬಂದಳು. ದಾರಿಗೆ ಅಡ್ಡವಾಗಿದ್ದ ಕಾಲುಗಳನ್ನೆಲ್ಲ ಗಣ್ಯರು ಅವಸರದಲ್ಲಿ ಒಳಗೆಳೆದುಕೊಂಡರು. ಅವಳು ಪಾಷಾ ಎದುರು ಕುರ್ಚಿ ನಿಲ್ಲಿಸಿದಳು. ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿತ್ತು, ಪಾಷಾ ಕೂತಿದ್ದರಿಂದ. ಅವರಿಗೆ ಈಗ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ. ಎದ್ದರು. ಅವಳಿಗಿಂತ ಬಹಳ ಎತ್ತರವಾದೆ ಅನ್ನಿಸಿತೇನೋ, ಮತ್ತೆ ಕೂತರು.

“ಕೇಳಮ್ಮ ಲುಜೈನ್,” ಎಂದರು, ಭಾಷಣದ ದನಿ ಬಿಟ್ಟು. “ನಾನೀಗ ನಿನ್ನನ್ನ ಕೇಳ್ತಿದೀನಿ. ನಿನಗೇನು ಬೇಕು ಕೇಳು. ಎಷ್ಟು ಬೇಕಾದ್ರೂ ಕೇಳು.”

ಅಜ್ಜನ ಮುಖ ಅರಳಿತು. ಇನ್ನೂ ಮರ್ಯಾದೆ ಉಳಿಯುವ ದಾರಿಯಿತ್ತು. ನಮ್ಮಲ್ಲಿ ಈ ಹಂತಕ್ಕೊಂದು ಪದ್ಧತಿಯಿದೆ: ನೊಂದವರು ಮೊದಲು ಬೆಟ್ಟದಷ್ಟು ಕೇಳಬೇಕು. ಆಮೇಲೆ ದೇವರ ಹೆಸರಿಗೆ ಇಷ್ಟು ಬಿಟ್ಟೆ, ಪ್ರವಾದಿಯ ಹೆಸರಿಗೆ ಇಷ್ಟು ಬಿಟ್ಟೆ, ಬಂದ ಹಿರಿಯರ ಹೆಸರಿಗೆ ಇಷ್ಟು ಬಿಟ್ಟೆ ಎಂದು ಇಳಿಸುತ್ತ ಬರಬೇಕು. ಕೊನೆಗೆ ಏನೂ ಉಳಿಯಬಾರದು. ಏನೂ ಉಳಿಯದಿದ್ದರೇ ದೊಡ್ಡತನ. “ದೊಡ್ಡದಾಗಿ ಕೇಳು ಪುಟ್ಟೀ,” ಎಂದು ಅಜ್ಜ ಪಿಸುಗುಟ್ಟಿದ್ದು ಬೀದಿಗೆ ಕೇಳಿಸುವಂತಿತ್ತು. “ಆಮೇಲೆ ಬಿಟ್ಕೊಂಡು ಬಾ. ನಾನು ಹೇಳ್ಕೊಟ್ಟಿದೀನಲ್ಲ!”

ಅಜ್ಜನ ಮೊಣಕಾಲಿನ ಪಕ್ಕ ಕೂತು ಜಾಹಾದ ಕಥೆ ಕೇಳಿ ಬೆಳೆದ ಹುಡುಗಿ ತಲೆಯಾಡಿಸಿದಳು.

“ಶಾಲೆಗೆ ಲಿಫ್ಟ್ ಬೇಕು,” ಎಂದಳು. “ಸಿತ್ ಸಿಹಾಮ್ ಇಡೀ ಶಾಲೆ ಮುಂದೆ ನಂಗೆ ಸಾರಿ ಹೇಳ್ಬೇಕು. ಅವರಿಗೆ ಶಿಕ್ಷೆ ಆಗ್ಬೇಕು. ವಿಜ್ಞಾನ ತರಗತಿ ಕೆಳಗೆ ಬರ್ಬೇಕು. ಮತ್ತೆ, ಕೆಳಗಿನ ಬಚ್ಚಲ ಬಾಗ್ಲು ಒಡೆದು ದೊಡ್ಡದು ಮಾಡ್ಬೇಕು.”

“ಭಲೇ!” ಎಂದರು ಅಜ್ಜ. ನಾಯಿಫ್ ಬೆವರು ಒರೆಸಿಕೊಂಡ. ಉಳಿದವರು ಮೆಚ್ಚಿ ಗಡ್ಡ ಸವರಿಕೊಂಡರು. ಇದು ನಮಗೆ ಗೊತ್ತಿದ್ದ ಹಾಡು.

“ದೇವರ ಹೆಸರಿಗೆ ಲಿಫ್ಟ್ ಬಿಟ್ಟೆ.”

“ದೇವರು ಒಳ್ಳೇದು ಮಾಡ್ಲಿ,” ಎಂದೆವು ಒಟ್ಟಿಗೆ.

“ಪ್ರವಾದಿ ಹೆಸರಿಗೆ ಸಾರಿ ಕೇಳೋದನ್ನ ಬಿಟ್ಟೆ.”

“ಅವರ ಮೇಲೆ ಶಾಂತಿಯಿರಲಿ.”

“ಪಾಷಾ ಹೆಸರಿಗೆ ಶಿಕ್ಷೆ ಬಿಟ್ಟೆ. ಸಿತ್ ಸಿಹಾಮ್ ನನ್ನ ತಲೆ ಹಿಡ್ಕೊಂಡು ಆಸ್ಪತ್ರೆಗೆ ಬಂದಿದ್ರು. ಅವರ ನಿವೃತ್ತಿಗೆ ಕಲ್ಲು ಹಾಕೋ ಆಸೆ ನಂಗಿಲ್ಲ.”

“ಬಾಳಮ್ಮ, ಬಾಳು,” ಎಂದರು ಪಾಷಾ, ಕೈ ಬಟ್ಟಲಿನತ್ತ ಹೋಗುತ್ತಿತ್ತು.

ಲುಜೈನ್ ನಿಲ್ಲಿಸಿದಳು. ನಾವು ಕಾದೆವು. ಅಜ್ಜ ಹುಬ್ಬಿನಲ್ಲೇ ಸನ್ನೆ ಮಾಡಿದರು: ಅಜ್ಜನ ಹೆಸರು ಬಾಕಿಯಿದೆ, ಅಪ್ಪನದು ಬಾಕಿಯಿದೆ, ಬಿಡು, ಬಿಡು.

“ಅಷ್ಟೇ,” ಎಂದಳು ಲುಜೈನ್.

“ಅಷ್ಟೇ ಅಂದ್ರೆ?” ಎಂದ ನಾಯಿಫ್.

“ಉಳಿದಿದ್ದು ಬಿಡಲ್ಲ. ಅದು ಬಿಡೋಕೆ ಬರಲ್ಲ.”

ನಾಯಿಫ್‌ನ ಮಾವ, ಅಲ್ಲಿಯವರೆಗೆ ಜಪಮಾಲೆ ಎಣಿಸುತ್ತಿದ್ದವರು, ಈಗ ಬಾಯಿ ಹಾಕಿದರು. “ಮಗಳೇ, ಪಾಷಾ ಅಂಥವರು ಆಗಿನಿಂದ ನಿನ್ನ ಮನೇಲಿ ಒಂದು ಹನಿ ಕುಡೀದೆ ಕೂತಿದಾರೆ. ಅವರ ವಯಸ್ಸಿಗಾದ್ರೂ ಕರುಣೆ ಬೇಡ್ವಾ?”

“ನಾನೂ ಕುಡಿಯಲ್ಲ,” ಎಂದಳು ಲುಜೈನ್.

“ಏನು?”

“ಬೆಳಿಗ್ಗೆ ಎದ್ದಾಗಿಂದ ಶಾಲೆ ಬಿಟ್ಟು ಮನೆಗೆ ಬರೋವರ್ಗೂ ನಾನೂ ಏನೂ ಕುಡಿಯಲ್ಲ. ನೀರೂ ಇಲ್ಲ, ಚಹಾನೂ ಇಲ್ಲ. ಶಾಲೇಲಿ ಬಚ್ಚಲ ಬಾಗ್ಲಲ್ಲಿ ನನ್ನ ಕುರ್ಚಿ ಹಿಡಿಯಲ್ಲ. ಈ ಶಾಲೆಗೆ ಬಂದಾಗಿಂದ ಹಿಂಗೇ.” ಅವಳ ದನಿಯಲ್ಲಿ ದೂರಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗಿತ್ತು. “ಎರಡು ಸಲ ಕಿಡ್ನಿ ಸೋಂಕಾಗಿ ಮಲಗಿದ್ದೆ. ಅಮ್ಮಂಗೆ ಗೊತ್ತು. ಸಿತ್ ಸಿಹಾಮ್‌ಗೆ ಗೊತ್ತಿಲ್ಲ. ನಾನು ಹೇಳಿರ್ಲಿಲ್ಲ. ಗಂಡಸರ ಮುಂದೆ ಹೇಳೋ ಮಾತೂ ಅಲ್ಲ, ನೀವು ಬಂದ್ರಿ ಅಂತ ಹೇಳ್ದೆ.”

ಹನ್ನೆರಡು ಬಟ್ಟಲು ಕಾಫಿ ಮುಂದೆ ತಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಕುಡಿಯದೆ ಕೂರುವುದನ್ನು ನಾವು ಮಹಾ ತ್ಯಾಗವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ. ಒಳಕೋಣೆಯಲ್ಲಿ ಯಾರೋ ಮೂಗು ಸೇದಿದರು. ಫವ್ವಾಝ್ ಹೂಜಿಯನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನಿಂತ. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅಜ್ಜ ತಮ್ಮ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

ಪಾಷಾ ತಮ್ಮ ಬಟ್ಟಲನ್ನು ಮಣೆಯ ಒಂದು ಬದಿಗೆ ಸರಿಸಿದರು. “ನಾಯಿಫ್. ನಿನ್ನಕ್ಕಂಗೆ ಫೋನ್ ಹಚ್ಚು. ಎಲ್ರಿಗೂ ಕೇಳೋ ಹಾಗೆ.”

ಸಿತ್ ಸಿಹಾಮ್ ಮೊದಲ ರಿಂಗಿಗೇ ಎತ್ತಿಕೊಂಡರು. “ಕುಡಿದ್ರೇನೋ?”

“ಕುಡಿದಿಲ್ಲ ಸಿಹಾಮ್. ನಾನು ತುರಾದ್,” ಎಂದರು ಪಾಷಾ. “ವಿಜ್ಞಾನ ತರಗತಿ ಭಾನುವಾರ ಕೆಳಗೆ ಬರುತ್ತೆ. ಅತಿಥಿ ಕೋಣೆಗೆ.”

“ಪಾಷಾ, ನನ್ನ ಪ್ರಾಣ ಕೇಳಿ ಕೊಡ್ತೀನಿ. ಆದ್ರೆ ಅತಿಥಿಗಳು ಬಂದ್ರೆ ಎಲ್ಲಿ ಕೂರಿಸ್ಲಿ?”

“ಮೇಲೆ ಕೂರಿಸು. ಅವರಿಗೆ ಕಾಲಿದೆ, ಹತ್ತಿ ಬರ್ತಾರೆ.”

“ಪ್ರಯೋಗಾಲಯ ಮೇಲೇ ಇರುತ್ತಲ್ಲ?”

“ನನ್ನ ಸೈನ್ಯ ಆಸ್ಪತ್ರೆಗಳನ್ನೇ ಪೆಟ್ಟಿಗೇಲಿ ಹಾಕ್ಕೊಂಡು ಮರುಭೂಮೀಲಿ ಓಡಾಡಿದೆ. ನಾಲ್ಕು ಗಾಜಿನ ಬುರುಡೆ ಕೆಳಗೆ ತರೋಕಾಗಲ್ವಾ? ಇನ್ನೊಂದು ವಿಷಯ ಇದೆ. ಅದನ್ನ ನಾನು ಹೇಳಲ್ಲ. ಉಮ್ಮ್ ಸಖರ್ ಫೋನ್ ಮಾಡ್ತಾರೆ, ಹೆಂಗಸರೇ ಮಾತಾಡ್ಕೊಳ್ಳಿ.” ಫೋನನ್ನು ನಾಯಿಫ್‌ಗೆ ಕೊಟ್ಟು ಲುಜೈನಳ ಕಡೆ ತಿರುಗಿದರು. “ಈಗ ದೂರು?”

“ದೂರು ಇರುತ್ತೆ ಪಾಷಾ.”

“ನಾನು ಮಾತು ಕೊಟ್ಟಿದೀನಲ್ಲ. ನನ್ನ ಮಾತು ಸಾಲಲ್ವಾ?”

ಇದು ಅಪಾಯದ ಪ್ರಶ್ನೆ. ಈ ಪ್ರಶ್ನೆಗೆ ‘ಸಾಲಲ್ಲ’ ಎಂದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡರು.

“ನಂಗೆ ಸಾಲುತ್ತೆ,” ಎಂದಳು ಲುಜೈನ್. “ನಮ್ಮನೆಗೆ ಪಾಷಾ ಬಂದ್ರು. ಇನ್ನೊಂದು ಊರಲ್ಲಿ ನನ್ನಂಥೋಳು ಇರ್ತಾಳೆ, ಅವಳ ಮನೆಗೆ ಯಾರೂ ಬರಲ್ಲ. ನಾನು ಕೇಳ್ದೆ, ನೀವು ಕೊಟ್ರಿ ಅಂದ್ರೆ ಅದು ಉಪಕಾರ ಆಗ್ಬಿಡುತ್ತೆ. ಉಪಕಾರಕ್ಕೆ ಕೃತಜ್ಞತೆ ಹೇಳ್ಬೇಕು. ನಾನು ಕ್ಲಾಸಿಗೆ ಹೋಗಿದ್ದಕ್ಕೆ ದಿನಾ ಯಾರಿಗೂ ಕೃತಜ್ಞತೆ ಹೇಳೋಕಾಗಲ್ಲ. ಅಧಿಕಾರಿಗಳು ಬರ್ಲಿ. ನಾನು ವಿಜ್ಞಾನ ತರಗತೀಲಿ ಕೂತಿದ್ರೆ ಕೂತಿದೀನಿ ಅಂತ್ಲೇ ಹೇಳ್ತೀನಿ. ಸುಳ್ಳು ಹೇಳಲ್ಲ.”

“ಕೇಳಿದ್ದು ಸಿಗದೆ ಹೆಂಗೆ ಕುಡೀಲಿ ಮಗಳೇ? ನಿಮ್ಮಜ್ಜ ಕುಡೀರಿ ಅಂದಾಗಿದೆ. ಕುಡಿದ್ರೆ ನನ್ನದು ತಪ್ಪು, ಬಿಟ್ರೆ ಅವರಿಗೆ ಅವಮಾನ.”

ಲುಜೈನ್ ಅಜ್ಜನನ್ನು ನೋಡಿದಳು. ಮುದುಕರು ಕುಗ್ಗಿ ಮೆತ್ತೆಯೊಳಗೆ ಹೂತು ಹೋದ ಹಾಗಿದ್ದರು. ಆಸೆಪಟ್ಟ ಜಾಹಾ ಕೈಯಿಂದ ಜಾರುತ್ತಿತ್ತು.

“ಕಾಫಿ ಅಜ್ಜಂದು,” ಎಂದಳು ಅವಳು. “ದೂರು ನಂದು. ಅಜ್ಜ ತಮ್ಮದನ್ನ ಕೊಟ್ಟಿದಾರೆ. ಕುಡೀರಿ.”

ಪಾಷಾ ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದರು. ಆಮೇಲೆ ಅವರ ಮೀಸೆ ಅಲುಗಿತು. “ಅಬೂ ಫವ್ವಾಝ್, ನಿಮ್ಮ ಮೊಮ್ಮಗಳು ಗಂಡಾಗಿದ್ದಿದ್ರೆ ಸೈನ್ಯಕ್ಕೆ ತಗೋತಿದ್ದೆ.”

“ಹುಡುಗಿಯಾಗಿದ್ರೂ ತಗೊಳ್ಳಬಹುದಿತ್ತು,” ಎಂದಿತು ಬಾಗಿಲ ಹಿಂದಿನ ದನಿ. “ಮೆಟ್ಟಿಲಿಲ್ದಿದ್ರೆ.”

ಪಾಷಾ ನಕ್ಕುಬಿಟ್ಟರು. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿದರು. ನಾವೂ ಇಳಿಸಿದೆವು. ಅಷ್ಟು ಕಹಿ ಕಾಫಿಯನ್ನು ನಾನು ಹಿಂದೆ ಕುಡಿದಿರಲಿಲ್ಲ. ಕುನಾಫೆ ಬಂತು. ಅಜ್ಜ ತಾವೇ ತಟ್ಟೆ ಹಂಚುತ್ತ, ದೂರು ವಾಪಸಾಯಿತೋ ಇಲ್ಲವೋ ಎಂಬುದನ್ನು ಮರೆತು, ಪಾಷಾ ತಮ್ಮ ಮನೆಯಲ್ಲಿ ಕಾಫಿ ಕುಡಿದರು ಎಂಬುದನ್ನಷ್ಟೇ ನೆನಪಿಟ್ಟುಕೊಂಡರು.

ಶುಕ್ರ, ಶನಿಯ ರಜೆ ಮುಗಿದು ಶಾಲೆ ತೆರೆದ ಭಾನುವಾರ ಬೆಳಿಗ್ಗೆ ಮೆರೂನ್ ಸೋಫಾವನ್ನು ಮೇಲಕ್ಕೆ ಹೊತ್ತವರಲ್ಲಿ ನಾನೂ ಒಬ್ಬ. ನಾಯಿಫ್ ಮುಂದೆ ಹಿಡಿದಿದ್ದ. “ಎಷ್ಟು ಭಾರ ಇದೆಯೋ ಇದು!” ಎಂದೆ. “ಒಳ್ಳೆ ಮರ ಉಸ್ತಾದ್,” ಎಂದ, ಏದುಸಿರು ಬಿಡುತ್ತ, ವ್ಯಾಪಾರಿಯ ನಾಲಿಗೆ ಆಗಲೂ ಬಿಡದೆ. ಮೆಟ್ಟಿಲಿನ ತಿರುವಿನಲ್ಲಿ ಅದು ಸಿಕ್ಕಿಕೊಂಡು, ಅರ್ಧ ಗಂಟೆ ಮೇಲಿನವರು ಕೆಳಗೆ ಬರುವಂತಿಲ್ಲ, ಕೆಳಗಿನವರು ಮೇಲೆ ಹೋಗುವಂತಿಲ್ಲ ಎಂದಾಯಿತು. ಅಷ್ಟರಲ್ಲಿ ಬೆಂಚುಗಳು ಕೆಳಗೆ ಬಂದಿದ್ದವು. ಲುಜೈನ್ ನಾಲ್ಕು ಕಿಟಕಿಗಳ ಕೋಣೆಯೊಳಗೆ ಹೋಗಿ, ಶಾಲೆ ಗೆದ್ದ ಫಲಕಗಳ ಕೆಳಗೆ ತನ್ನ ಜಾಗ ಹಿಡಿದುಕೊಂಡು, ಈ ಸಲ ಬೇರೆ ಯಾವ ಪುಸ್ತಕದ ಮರೆಯೂ ಇಲ್ಲದೆ ಭೌತಶಾಸ್ತ್ರ ತೆರೆದಳು. ಸಿತ್ ಸಿಹಾಮ್ ಬಾಗಿಲಲ್ಲಿ ನಿಂತು ನೋಡಿದರು. ಹಿಂದಿನ ರಾತ್ರಿ ಇಂತಿಸಾರ್ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಅವರು ನಿದ್ದೆ ಮಾಡಿದಂತೆ ಕಾಣಲಿಲ್ಲ.

ಅಧಿಕಾರಿಗಳು ಬಂದರು, ಮೆಟ್ಟಿಲು ಹತ್ತಿ ಸೋಫಾದಲ್ಲಿ ಕೂತರು, ಕೆಳಗೆ ಬಂದು ತರಗತಿ ನೋಡಿದರು, ಬಚ್ಚಲ ಬಾಗಿಲಿನ ಅಗಲ ಅಳೆದು ಬರೆದುಕೊಂಡರು. ಬಾಗಿಲು ಸರಿಯಾಗುವವರೆಗೆ ದೂರು ತೆರೆದೇ ಇರುತ್ತದೆಂದು ಹೇಳಿ ಹೋದರು. ಗೋಡೆ ಒಡೆಯಲು ಅನುಮತಿ ಬೇಕೆಂದು ಸಿತ್ ಸಿಹಾಮ್ ಶಿಕ್ಷಣ ಇಲಾಖೆಯ ಮೇಲಿನವರಿಗೆ ಬರೆದರು. ಅಲ್ಲಿಂದ ಉತ್ತರವಿಲ್ಲ. ಮತ್ತೆ ಬರೆದರು. ಪರಿಶೀಲನೆಯಲ್ಲಿದೆ ಎಂದು ಬಂತು. ಲುಜೈನ್‌ಗೆ ಅಲ್ಲಿಯವರೆಗೆ ಶಾಲೆಯ ಪಕ್ಕದ ಮನೆಯ ಬಚ್ಚಲಿಗೆ ಹೋಗುವ ಏರ್ಪಾಡಾಯಿತು, ಗೇಟಿಗೊಬ್ಬಳು ಗೆಳತಿ ಕಾವಲು. ಏರ್ಪಾಡೇನೋ ಹೌದು, ಪರಿಹಾರವಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಲುಜೈನ್ ನನ್ನ ಅಂಗಡಿಯಲ್ಲಿ ಗ್ರಾಫ್ ಪುಸ್ತಕ ಆರಿಸುತ್ತಿದ್ದಳು. ಸಿತ್ ಸಿಹಾಮ್ ಕಾರಿನ ಕೀಲಿ ಹಿಡಿದು ಬಂದವರು ಕಾರಿನ ಬಳಿ ಹೋಗದೆ ಒಳಗೆ ಬಂದರು.

“ಲುಜೈನ್, ನಿನ್ನ ಹತ್ರ ಒಂದು ಕೆಲ್ಸ ಇತ್ತು.”

“ಹೇಳಿ ಸಿತ್.”

“ಮೂರು ಸಲ ಬರೆದೆ ಇಲಾಖೆಗೆ. ಮುಖ್ಯೋಪಾಧ್ಯಾಯಿನಿ ಅಂತ ಮೊಹರ್ ಒತ್ತಿ ಬರೆದೆ. ಮೊಹರಿಗೆ ಅಲ್ಲಿ ಯಾರೂ ಹೆದರಲ್ಲ.” ಅವರು ನನ್ನ ಕಡೆ ನೋಡಿದರು. ನಾನು ಪೆನ್ಸಿಲುಗಳ ಕಡೆ ತಿರುಗಿದೆ. “ನೀನು ಬರೆದಿದ್ದಕ್ಕೆ ಪರಿಷತ್ತಿನೋರು ಬಂದ್ರು. ಇನ್ನೊಂದು ಬರಿ.”

ಲುಜೈನ್ ಪುಸ್ತಕ ಕೆಳಗಿಟ್ಟಳು. “ಯಾರ ಮೇಲೆ ಬರೀಲಿ?”

“ಇಲಾಖೆಯೋರ ಮೇಲೆ ಬರಿ. ಅವರಿಗೆ ತಲುಪೋಕೆ ನನ್ನ ಮೇಲೆ ಬರೀಬೇಕು ಅಂದ್ರೆ ನನ್ನ ಮೇಲೂ ಬರಿ.” ಸಿತ್ ಸಿಹಾಮ್ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು. “ಆದ್ರೆ ಹೋದ ಸಲದ ಹಾಗೆ ಮೆತ್ತಗೆ ಬರೀಬೇಡ. ಪೆನ್ನು ತಗೋ, ನಾನು ಹೇಳ್ತೀನಿ, ನೀನು ಬರ್ಕೊ.”

“ನೀವು ಹೇಳೋದು ಬೇಡ ಸಿತ್. ನಂಗೆ ಬರೆಯೋಕೆ ಬರುತ್ತೆ,” ಎಂದಳು ಲುಜೈನ್, ಪೆನ್ನಿನ ಮುಚ್ಚಳ ತೆಗೆಯುತ್ತ. “ಬೇಕಾದ್ರೆ ನೀವೂ ಸಹಿ ಹಾಕಿ.”